ಫ್ಲ್ಯಾಟ್ ನಮ್ಮದು, ಮೆಟ್ಟಿಲು ಎಲ್ಲರದು

ನಿಮ್ಮ ಮನೆಯಲ್ಲೂ ಈಗ ಈ ಮಾತು ನಡೆಯುತ್ತಿರಬಹುದು. ಮಕ್ಕಳ ಕಾಲೇಜು ಮಂಗಳೂರಿನಲ್ಲಿ, ಆಸ್ಪತ್ರೆ ಹತ್ತಿರವಿದ್ದರೆ ಉಮ್ಮನಿಗೂ ಅನುಕೂಲ, ಪೇಟೆಯ ನಡುವೆ ಒಂದು ಫ್ಲ್ಯಾಟ್ ತೆಗೆದುಕೊಂಡರೆ ಹೇಗೆ? ಅಡುಗೆಮನೆ ದೊಡ್ಡದಿದೆಯೇ, ಬಟ್ಟೆ ಒಣಗಿಸಲು ಜಾಗವಿದೆಯೇ, ಮಸೀದಿ ಎಷ್ಟು ದೂರ ಎಂದು ನಾವು ಹೆಂಗಸರು ಕೇಳುತ್ತೇವೆ. ಚದರಡಿಗೆ ಎಷ್ಟು ಎಂದು ಗಂಡಸರು ಗಲ್ಫಿನಿಂದ ಫೋನಿನಲ್ಲಿ ಕೇಳುತ್ತಾರೆ. ಕೊಂಡ ಮೇಲೆ ತಿಂಗಳಿಗೆಷ್ಟು ಕಟ್ಟಬೇಕು, ಯಾರಿಗೆ, ಯಾವುದಕ್ಕೆ ಎಂದು ಮಾತ್ರ ಯಾರೂ ಕೇಳುವುದಿಲ್ಲ. ನನ್ನ ಅಕ್ಕನೂ ಕೇಳಿರಲಿಲ್ಲ. ಅವಳಿಗೆ ಕರಾರುಪತ್ರ ಓದಿ ಹೇಳಿದವಳು ನಾನೇ.

ಭಾವ ತೀರಿಕೊಂಡ ಮೇಲೆ ಅಕ್ಕ ತನ್ನ ಪಾಲಿನ ತೋಟ ಮಾರಿ ಆ ಫ್ಲ್ಯಾಟ್ ಕೊಂಡಳು. ಬ್ಯಾಂಕ್ ಸಾಲ ಬೇಡ, ಬಡ್ಡಿಯ ಗೊಡವೆಯೇ ಬೇಡವೆಂದು ಪೂರ್ತಿ ಹಣ ಕೊಟ್ಟಳು. ಕೈಯಲ್ಲಿ ಉಳಿದದ್ದು ಅಷ್ಟಕ್ಕಷ್ಟೆ. ಎರಡು ವರ್ಷ ಏನೂ ಗೊತ್ತಾಗಲಿಲ್ಲ. ಯಾಕೆಂದರೆ ಬಿಲ್ಡರ್ ಕೀಲಿ ಕೊಡುವಾಗಲೇ ಎರಡು ವರ್ಷದ ಮೇಂಟೆನೆನ್ಸ್ ಮುಂಗಡ ಪಡೆದಿದ್ದರು. ಮೂರನೆಯ ವರ್ಷದ ಮೊದಲ ತಿಂಗಳು ಬಾಗಿಲ ಸಂದಿನಿಂದ ಒಂದು ಚೀಟಿ ಒಳಬಂತು: 5,075 ರೂಪಾಯಿ. ಅಕ್ಕ ಅದನ್ನು ಹಿಡಿದುಕೊಂಡು ನಮ್ಮ ಮನೆಗೆ ಬಂದಳು. "ಇದು ಬಾಡಿಗೆಯಲ್ಲವಾ? ನನ್ನದೇ ಮನೆಗೆ ನಾನು ಯಾಕೆ ಬಾಡಿಗೆ ಕೊಡಬೇಕು?" ಎಂದಳು.

ನನ್ನಲ್ಲಿ ಉತ್ತರವಿರಲಿಲ್ಲ. ಕರಾರುಪತ್ರ ತೆರೆದು ನೋಡಿದರೆ 23ನೇ ಪುಟದಲ್ಲಿ ಎಲ್ಲವೂ ಇತ್ತು. ಚದರಡಿಗೆ 3.50 ರೂಪಾಯಿ, 1,450 ಚದರಡಿಗೆ. ಆದರೆ ಅಕ್ಕನ ಮನೆಯೊಳಗೆ ಟೇಪು ಹಿಡಿದು ಅಳೆದರೆ ಸಿಗುವುದು 1,020 ಚದರಡಿ. ಅದು ಕಾರ್ಪೆಟ್ ಏರಿಯಾ, ಅಂದರೆ ನಾವು ಕಾಲಿಟ್ಟು ನಡೆಯುವ ಜಾಗ. ಉಳಿದ 430 ಚದರಡಿಯಲ್ಲಿ ಹೊರಗೋಡೆ, ಬಾಲ್ಕನಿ, ಮೆಟ್ಟಿಲು, ಲಿಫ್ಟು, ಮೊಗಸಾಲೆಯ ಪಾಲು ಎಲ್ಲ ಸೇರಿವೆ. ಎಲ್ಲ ಸೇರಿದ ಒಟ್ಟು 1,450 ಚದರಡಿಯನ್ನು ಸೂಪರ್ ಬಿಲ್ಟಪ್ ಎನ್ನುತ್ತಾರೆ. 2016ರ ರೇರಾ ಕಾನೂನು ಬಂದ ಮೇಲೆ ಬಿಲ್ಡರ್ ಕಾರ್ಪೆಟ್ ಏರಿಯಾವನ್ನು ಸ್ಪಷ್ಟವಾಗಿ ಹೇಳಲೇಬೇಕು. ಆದರೂ ತಿಂಗಳ ಲೆಕ್ಕವನ್ನು ಅನೇಕ ಕಡೆ ಸೂಪರ್ ಬಿಲ್ಟಪ್ ಮೇಲೆಯೇ ಹಾಕುತ್ತಾರೆ. ಯಾವ ಅಳತೆಯ ಮೇಲೆ ಎಂದು ಸಹಿ ಹಾಕುವ ಮೊದಲೇ ಕೇಳಿಬಿಡಿ.

ಈ ಹಣ ಬಾಡಿಗೆಯಲ್ಲ ಎಂಬುದು ನನಗೆ ಅರ್ಥವಾದದ್ದು ಹಳೆಯ ಪಾಠ ನೆನಪಾದಾಗ. ಮದ್ರಸದಲ್ಲಿ ಫಿಕ್ಹ್ ಕಲಿಯುವಾಗ ಇಬ್ಬರಿಗೆ ಸೇರಿದ ಗೋಡೆ, ಹಲವರು ನಡೆಯುವ ಓಣಿ, ಕೆಳಮನೆಯವನ ಮತ್ತು ಮೇಲ್ಮನೆಯವನ ಹಕ್ಕು ಎಂಬ ಮಸ್‌ಅಲಗಳಿದ್ದವು. ಪರೀಕ್ಷೆಗಾಗಿ ಬಾಯಿಪಾಠ ಮಾಡಿ ಮರೆತಿದ್ದೆ. ಇಂದು 36 ಕುಟುಂಬಗಳು ಒಂದೇ ಮೆಟ್ಟಿಲು, ಒಂದೇ ನೀರಿನ ಟ್ಯಾಂಕು, ಒಂದೇ ತಾರಸಿ ಇಟ್ಟುಕೊಂಡು ಬದುಕುವುದು ಅದೇ ತಾನೇ? ವಾಚ್‌ಮನ್ ಸಂಬಳ, ಲಿಫ್ಟಿನ ವಾರ್ಷಿಕ ಗುತ್ತಿಗೆ, ಪಂಪಿನ ಕರೆಂಟು, ಜನರೇಟರಿನ ಡೀಸೆಲ್, ಕಸ, ಗುಡಿಸುವವರು, ಬೇಸಿಗೆಯಲ್ಲಿ ನೀರಿನ ಟ್ಯಾಂಕರ್. ಇದರಲ್ಲಿ ಯಾವುದನ್ನು ಬೇಡವೆನ್ನುತ್ತೀರಿ?

"ನಾನು ಮೊದಲ ಮಹಡಿಯವಳು, ಲಿಫ್ಟ್ ಮುಟ್ಟುವುದೇ ಇಲ್ಲ" ಎಂದು ಅಕ್ಕ ವಾದಿಸಿದಳು. ಸಾಮಾನ್ಯ ಸೌಕರ್ಯವನ್ನು ಬಳಸುವುದಿಲ್ಲ ಎಂದ ಮಾತ್ರಕ್ಕೆ ಪಾಲು ತಪ್ಪುವುದಿಲ್ಲ ಎಂದು ಕರ್ನಾಟಕದ 1972ರ ಅಪಾರ್ಟ್‌ಮೆಂಟ್ ಕಾನೂನೇ ಹೇಳಿತ್ತು. ಮಾರುವವನು ಬಾಕಿಯಿಟ್ಟಿದ್ದರೆ ಅದು ಕೊಂಡವನ ತಲೆಗೂ ಬರುತ್ತದೆಂದೂ ಅದರಲ್ಲಿತ್ತು. ಆದ್ದರಿಂದ ಹಳೆಯ ಫ್ಲ್ಯಾಟ್ ಕೊಳ್ಳುವವರು ಬಾಕಿಯಿಲ್ಲವೆಂಬ ಪತ್ರವನ್ನು ಅಸೋಸಿಯೇಶನ್‌ನಿಂದ ಪಡೆಯದೆ ಹಣ ಕೊಡಬೇಡಿ.

ಮೂರು ತಿಂಗಳು ಅಕ್ಕ ಕಟ್ಟಲಿಲ್ಲ. ಹಟದಿಂದ ಸ್ವಲ್ಪ, ಕೈಯಲ್ಲಿ ಇಲ್ಲದ್ದರಿಂದ ಹೆಚ್ಚು. ನಾಲ್ಕನೆಯ ತಿಂಗಳು ಲಿಫ್ಟಿನ ಪಕ್ಕದ ಬೋರ್ಡಿನಲ್ಲಿ ಅವಳ ಹೆಸರು ಬಂತು, ಕೆಳಗೆ ತಿಂಗಳಿಗೆ ಶೇಕಡಾ 2 ಬಡ್ಡಿ. ಬಡ್ಡಿಗೆ ಹೆದರಿ ಸಾಲವನ್ನೇ ತೆಗೆದುಕೊಳ್ಳದವಳ ಹೆಸರಿನ ಮುಂದೆ ಬಡ್ಡಿ! ಅವಳು ಆ ದಿನ ಅತ್ತದ್ದು ಹಣಕ್ಕಾಗಿ ಅಲ್ಲ. ನಾನು ನನ್ನ ಚಿಟ್‌ಫಂಡಿನ ಹಣ ತೆಗೆದು ಬಾಕಿ ತೀರಿಸಿದೆ. ಈಗ ಅವಳು ಮೂರು ತಿಂಗಳದ್ದನ್ನು ಮುಂಗಡವಾಗಿಯೇ ಕಟ್ಟುತ್ತಾಳೆ, ಆ ಮಾತೇ ಬಾರದಂತೆ.

ಇನ್ನೊಂದು ಗಂಟು ಇದೆ, ಕಾರ್ಪಸ್ ಫಂಡ್. ಲಿಫ್ಟ್ ಬದಲಿಸುವಂಥ, ಇಡೀ ಕಟ್ಟಡಕ್ಕೆ ಬಣ್ಣ ಬಳಿಯುವಂಥ ದೊಡ್ಡ ಖರ್ಚಿಗಾಗಿ ಒಮ್ಮೆಗೇ ಪಡೆಯುವ ಹಣ. ಅಕ್ಕ ಚದರಡಿಗೆ 50ರಂತೆ 72,500 ಕೊಟ್ಟಿದ್ದಳು. ಅದು ಎಲ್ಲಿದೆ ಎಂದು ಕೇಳಿದರೆ ಬಿಲ್ಡರ್ ಹತ್ತಿರ ಎಂದರು. ಬಿಲ್ಡರನ್ನು ಕೇಳಿದರೆ ಕೊಡುತ್ತೇವೆ ಎಂದರು. ಅದು ಸೂಕ್ತ ಕಾಲದಲ್ಲಿ ಅಸೋಸಿಯೇಶನ್‌ನ ಖಾತೆಗೆ ಬರಬೇಕಾದ ಅಮಾನತ್. ಕೊಡುವಾಗ ಪ್ರತ್ಯೇಕ ರಸೀದಿ ಪಡೆಯಿರಿ. ಸಾಲದ ವ್ಯವಹಾರವನ್ನು ಬರೆದಿಡಿ ಎಂದು ಹೇಳುವ ಆಯತ್ತೇ ಕುರ್‌ಆನಿನ ಅತಿ ಉದ್ದದ ಆಯತ್ತು ಎಂದು ನಾನು ಮಕ್ಕಳಿಗೆ ವರ್ಷವೂ ಪಾಠ ಮಾಡುತ್ತೇನೆ. ಅಕ್ಕನ ಕೈಯಲ್ಲಿ ಆ ರಸೀದಿ ಇರಲಿಲ್ಲ, ಬ್ಯಾಂಕಿನ ಪಾಸ್‌ಬುಕ್ಕೇ ಗತಿಯಾಯಿತು.

ಕೊನೆಗೆ ಅಕ್ಕನನ್ನು ವಾರ್ಷಿಕ ಸಭೆಗೆ ಹೊರಡಿಸಿದೆ. ಗಂಡಸರು ಊರಿನಲ್ಲಿಲ್ಲದ ನಮ್ಮ ಮನೆಗಳಿಂದ ಆ ಸಭೆಗೆ ಯಾರೂ ಹೋಗುವುದಿಲ್ಲ, ಆಮೇಲೆ ಚೀಟಿ ನೋಡಿ ಬೈಯುತ್ತೇವೆ. ಅಲ್ಲಿ ಹೆಂಗಸರು ನಾಲ್ಕೇ ಮಂದಿ. ತಾರಸಿ ಸೋರುತ್ತಿದೆ, ದುರಸ್ತಿಗೆ ಮನೆಗೆ 8,000 ಕೊಡಿ ಎಂದು ಕಾರ್ಯದರ್ಶಿ ಹೇಳಿದರು. ಹಿಂದಿನ ಸಾಲಿನಿಂದ ಒಬ್ಬ ನಿವೃತ್ತ ಮೇಷ್ಟರು ಎದ್ದು, ಕೀಲಿ ಕೊಟ್ಟು ಐದು ವರ್ಷ ಆಗಿಲ್ಲ, ಕಾಮಗಾರಿಯ ದೋಷವನ್ನು ಬಿಲ್ಡರೇ ತನ್ನ ಖರ್ಚಿನಲ್ಲಿ ಸರಿಪಡಿಸಬೇಕೆಂದು ರೇರಾದಲ್ಲಿದೆ ಎಂದರು. 8,000 ಅಲ್ಲಿಗೇ ನಿಂತಿತು. ಅದನ್ನು ಕಂಡು ಅಕ್ಕನಿಗೆ ಧೈರ್ಯ ಬಂದಿರಬೇಕು. ಮಳೆಗಾಲಕ್ಕಿಂತ ಫೆಬ್ರವರಿಯಲ್ಲಿ ಡೀಸೆಲ್ ಖರ್ಚು ಹೆಚ್ಚು ಯಾಕೆ ಎಂದು ಕೂತಲ್ಲಿಂದಲೇ ಕೇಳಿದಳು. ಖಜಾಂಚಿ ಪುಟ ತಿರುವಿದರು, ಮತ್ತೆ ತಿರುವಿದರು. ಜನರೇಟರ್ ಎಷ್ಟು ಗಂಟೆ ಓಡಿತೆಂದು ಯಾರೂ ಬರೆದಿಟ್ಟಿರಲಿಲ್ಲ.

ಕಾರ್ಪಸ್ ಹಣ ಇನ್ನೂ ಪೂರ್ತಿ ಬಂದಿಲ್ಲ, ಅಸೋಸಿಯೇಶನ್ ಪತ್ರ ಬರೆಯುತ್ತಲೇ ಇದೆ. ಡೀಸೆಲ್ ಪುಸ್ತಕ ಮಾತ್ರ ಈಗ ಅಕ್ಕನ ಮನೆಯಲ್ಲಿದೆ. ಕರೆಂಟ್ ಹೋದ ಕೂಡಲೇ ಅವಳು ಗಡಿಯಾರ ನೋಡಿ ಹೊತ್ತು ಬರೆದುಕೊಳ್ಳುತ್ತಾಳೆ.