ತುರಗಪದ ಮತ್ತು ಸೆರೆಮನೆಯ ಆಟ

ಚಿತ್ರಕಾವ್ಯಕ್ಕೆ ನಮ್ಮ ಕಾವ್ಯಮೀಮಾಂಸೆಯಲ್ಲಿ ದೊರೆತಿರುವುದು ಕೊನೆಯ ಪಂಕ್ತಿ. ಆನಂದವರ್ಧನನು ಅದನ್ನು ಕಾವ್ಯದ ಅನುಕರಣವೆಂದನು. ಮಮ್ಮಟನು ಅವರವೆಂದು ಕರೆದನು. ದಂಡಿಯೊಬ್ಬನು ಮಾತ್ರ ಕಾವ್ಯಾದರ್ಶದ ಮೂರನೆಯ ಪರಿಚ್ಛೇದದಲ್ಲಿ ಗೋಮೂತ್ರಿಕೆ, ಸರ್ವತೋಭದ್ರ ಮೊದಲಾದ ಬಂಧಗಳನ್ನು ವಿವರಿಸಿ, ಹದಿನಾರು ಬಗೆಯ ಪ್ರಹೇಳಿಕೆಗಳನ್ನು ಎಣಿಸುವಷ್ಟು ತಾಳ್ಮೆ ತೋರಿದನು. ಬಿಡಿಸುವ ಶ್ರಮಕ್ಕೆ ತಕ್ಕ ರಸ ಬಂಧಗಳಲ್ಲಿಲ್ಲವೆಂಬ ಮಾತು ಸುಳ್ಳೂ ಅಲ್ಲ. ಕಲಬುರ್ಗಿಯ ಕಡೆಯ ಕಾಲೇಜೊಂದರಲ್ಲಿ ಮೂವತ್ತು ವರ್ಷ ಕನ್ನಡ ಕಲಿಸಿ ನಿವೃತ್ತರಾದ ಮಾಸ್ತರರೊಬ್ಬರು ಈ ಭಾಗ ಬಂದಾಗಲೆಲ್ಲ ‘ಪರೀಕ್ಷೆಗೆ ಇದು ಬರುವುದಿಲ್ಲ’ ಎಂದು ಪುಟ ಮಗುಚುತ್ತಿದ್ದವರೇ. ಆ ಪುಟಕ್ಕೆ ಅವರು ಮರಳಿದ್ದು 2019ರ ಬೇಸಿಗೆಯಲ್ಲಿ, ಹೈದರಾಬಾದಿನ ಕೊಂಡಾಪುರದಲ್ಲಿ.

ಕೊಂಡಾಪುರವೆಂದೊಡನೆ ಇತಿಹಾಸದ ವಿದ್ಯಾರ್ಥಿಗಳಿಗೆ ಶಾತವಾಹನರ ಕಾಲದ ಉತ್ಖನನ ನೆಲೆ ನೆನಪಾದೀತು. ಅದು ಸಂಗಾರೆಡ್ಡಿಯ ಕಡೆಯದು. ಇದು ಬೇರೆ, 1998ರಲ್ಲಿ ಸೈಬರ್ ಟವರ್ಸ್ ಎದ್ದ ಮೇಲೆ ಅದರ ನೆರೆಯಲ್ಲಿ ಅಂತಸ್ತಿನ ಮೇಲೆ ಅಂತಸ್ತಾಗಿ ಬೆಳೆದ ಬಡಾವಣೆ. ಕಲಬುರ್ಗಿ, ಬೀದರ್, ರಾಯಚೂರುಗಳ ತರುಣರು 1956ಕ್ಕೆ ಮುಂಚೆ ಉಸ್ಮಾನಿಯಾ ವಿಶ್ವವಿದ್ಯಾನಿಲಯಕ್ಕೆ ಓದಲು ಬರುತ್ತಿದ್ದ ಹಾಗೆ, ಅವರ ಮೊಮ್ಮಕ್ಕಳ ತಲೆಮಾರು ಇಲ್ಲಿಗೆ ದುಡಿಯಲು ಬಂದಿದೆ. ಮಾಸ್ತರರ ಮಗನೂ ಹಾಗೆ ಬಂದವನು. ಮೊಮ್ಮಗಳು ಇಲ್ಲಿಯೇ ಬೆಳೆದು ಗಣಕ ವಿಜ್ಞಾನ ಓದುತ್ತಿದ್ದಳು. ಮನೆಯಲ್ಲಿ ಕಲಬುರ್ಗಿಯ ಕನ್ನಡವನ್ನು ತಡೆಯಿಲ್ಲದೆ ಆಡುವಳು. ಶಾಲೆಯಲ್ಲಿ ತೆಲುಗು ಕಲಿತವಳು. ಕನ್ನಡ ಲಿಪಿ ಬಾರದು. ಮಾಸ್ತರರು ಇದನ್ನು ಯಾರ ಮೇಲಿನ ದೂರಾಗಿಯೂ ಹೇಳುತ್ತಿರಲಿಲ್ಲ. ಆದರೆ ತಮ್ಮ ಪುಸ್ತಕದ ಕಪಾಟು ಮುಂದೆ ಯಾರದು ಎಂಬ ಪ್ರಶ್ನೆ ಅವರನ್ನು ಬಿಟ್ಟಿರಲಿಲ್ಲ.

ಆ ದಿನಗಳಲ್ಲಿ ಹುಡುಗಿಯನ್ನು ಹಿಡಿದಿದ್ದುದು ಗೂಗಲ್ ಸಂಸ್ಥೆಯ ‘ಫೂಬಾರ್’ ಎಂಬ ಸವಾಲು. ಅದಕ್ಕೆ ಅರ್ಜಿ ಹಾಕುವಂತಿರಲಿಲ್ಲ. ಪ್ರೋಗ್ರಾಮಿಂಗಿನ ಪದಗಳನ್ನು ಹುಡುಕುತ್ತಿದ್ದವರ ತೆರೆಯ ಮೇಲೆ ಆಹ್ವಾನ ತಾನಾಗಿ ಮೂಡುತ್ತಿತ್ತು. ಒಳಗೆ ಒಂದು ಕಥೆ: ಲ್ಯಾಂಬ್ಡಾ ಎಂಬ ಸೇನಾಪತಿಯ ಬಾಹ್ಯಾಕಾಶ ನಿಲ್ದಾಣದಲ್ಲಿ ಸೆರೆಯಾದ ಮೊಲಗಳನ್ನು ಬಿಡಿಸಬೇಕು. ಐದು ಹಂತ, ಪ್ರತಿ ಸಮಸ್ಯೆಗೂ ಗಡುವು. ಒಂದೊಂದು ಬಾಗಿಲ ಹಿಂದೆಯೂ ಗಣಕ ವಿಜ್ಞಾನದ ಒಂದೊಂದು ಪಾಠ ಅಡಗಿರುತ್ತಿತ್ತು. ಅವುಗಳಲ್ಲೊಂದು ಚದುರಂಗದ ಕುದುರೆಯದು. ಮನೆಗಳಿಗೆ 0ಯಿಂದ 63ರವರೆಗೆ ಸಂಖ್ಯೆ. ಒಂದು ಮನೆಯಿಂದ ಇನ್ನೊಂದಕ್ಕೆ ಕುದುರೆ ಅತಿ ಕಡಿಮೆ ಎಷ್ಟು ನಡೆಗಳಲ್ಲಿ ಹೋದೀತು? ಪಕ್ಕದ ಮನೆಯೇ ದೂರವೆಂಬುದು ಇದರ ಸ್ವಾರಸ್ಯ. ಮೂಲೆಯ 0ಯಿಂದ 1ಕ್ಕೆ ಮೂರು ನಡೆ ಬೇಕು, ಓರೆಯಲ್ಲಿ ತಾಗಿಕೊಂಡಿರುವ 9ಕ್ಕೆ ನಾಲ್ಕು. ಕೆರೆಗೆ ಕಲ್ಲೆಸೆದಾಗ ಅಲೆ ಹರಡುವಂತೆ, ಒಂದು ನಡೆಗೆ ಸಿಗುವ ಮನೆಗಳು, ಅವುಗಳಿಂದ ಎರಡನೆಯ ನಡೆಗೆ ಸಿಗುವವು ಎಂದು ಗುರುತಿಸುತ್ತ ಹೋದರೆ ಉತ್ತರ ಬರುತ್ತದೆ. ಹುಡುಗಿಗೆ ಅದು ಕಷ್ಟವಾಗಲಿಲ್ಲ.

ಹಿಂದಿನಿಂದ ನೋಡುತ್ತಿದ್ದ ಮಾಸ್ತರರು ಕೇಳಿದರು: “ನಿನ್ನ ಕುದುರಿ ಎಲ್ಲಾ ಮನೀನೂ ಒಂದೊಂದೇ ಸಲ ತುಳೀತದೇನವ್ವಾ?”

“ಅದು ಬ್ಯಾರೆ ಲೆಕ್ಕ, ಮುತ್ಯಾ. ಭಾಳ ಹಳೇದು.”

ಎಷ್ಟು ಹಳೆಯದೆಂಬುದು ಅವಳಿಗೆ ಗೊತ್ತಿರಲಿಲ್ಲ. ಆಯ್ಲರನ ಪ್ರಬಂಧ 1759ರದು. ಮುಂದೆ ಹೆಚ್ಚು ದಾರಿ ಉಳಿಯದ ಮನೆಗೇ ಮೊದಲು ಹೋಗಬೇಕೆಂಬ ವಾರ್ನ್ಸ್‌ಡಾರ್ಫನ ಸೂತ್ರ 1823ರದು. ಆದರೆ ಒಂಬತ್ತನೆಯ ಶತಮಾನದ ಕಾಶ್ಮೀರದ ರುದ್ರಟನು ಕಾವ್ಯಾಲಂಕಾರದಲ್ಲಿ ತುರಗಪದಬಂಧವನ್ನು ಕೊಟ್ಟಿದ್ದಾನೆ. ಸಾಲಿಗೆ ಎಂಟರಂತೆ ನಾಲ್ಕು ಸಾಲು, ಮೂವತ್ತೆರಡು ಅಕ್ಷರ. ನೇರವಾಗಿ ಓದಿದರೂ, ಕುದುರೆಯ ನಡೆಯಲ್ಲಿ ಓದಿದರೂ ಶ್ಲೋಕ ಅದೇ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಿಗೂ ಈ ಕುದುರೆಯ ಹುಚ್ಚಿತ್ತು. ರಾಜ್ಯದ ಆಡಳಿತ 1831ರಲ್ಲಿ ಕೈಬಿಟ್ಟುಹೋದ ದೊರೆ, ಅರವತ್ತನಾಲ್ಕು ಮನೆಗಳ ರಾಜ್ಯದಲ್ಲಿ ಕುದುರೆಗೆ ಹೊಸ ಹೊಸ ದಾರಿಗಳನ್ನು ಹುಡುಕಿದರೆಂಬುದನ್ನು ಬರಿಯ ವಿನೋದವೆಂದು ತಳ್ಳಿಹಾಕಲು ಮನಸ್ಸಾಗುವುದಿಲ್ಲ. ಹೊರಟ ಮನೆಗೇ ಮರಳಲು ಅನುವಾಗುವ ದಾರಿಗಳು, ಹಿಂದುಮುಂದನ್ನು ಬೇರೆಯಾಗಿ ಎಣಿಸದೆ, 1,32,67,36,44,10,532 ಎಂದು ಗಣಕಗಳು ಲೆಕ್ಕ ಹಾಕಿದ್ದು 1997ರಲ್ಲಿ. ಸಾಲು, ಕಂಬಸಾಲು, ಕರ್ಣ ಎಲ್ಲದರ ಮೊತ್ತವೂ ಒಂದೇ ಆಗುವ ಪೂರ್ಣ ಮಾಯಾಚೌಕದ ಕುದುರೆನಡೆ ಎಂಟು-ಎಂಟರ ಮಣೆಯಲ್ಲಿ ಅಸಾಧ್ಯವೆಂದು ತಿಳಿದದ್ದು 2003ರಲ್ಲಿ.

ಮಾಸ್ತರರು ರುದ್ರಟನ ಶ್ಲೋಕವನ್ನು ನೋಟುಪುಸ್ತಕದಲ್ಲಿ ಕನ್ನಡ ಲಿಪಿಯಲ್ಲಿ ಬರೆದುಕೊಟ್ಟರು. ಯಂತ್ರದಿಂದ ಪರೀಕ್ಷಿಸುವೆನೆಂದು ಹೊರಟ ಹುಡುಗಿಗೆ ಮೊದಲ ಹೆಜ್ಜೆಯಲ್ಲೇ ಪೆಟ್ಟು. ಮೂವತ್ತೆರಡು ಇರಬೇಕಾದ ಅಕ್ಷರಗಳು ಹೆಚ್ಚುಕಡಿಮೆ ಎರಡರಷ್ಟಾಗಿ, ದೀರ್ಘದ ಚಿಹ್ನೆಗಳು ಬುಡವಿಲ್ಲದೆ ಬೇರೆ ಮನೆಗಳಲ್ಲಿ ಹೋಗಿ ಕುಳಿತಿದ್ದವು. ಯೂನಿಕೋಡಿನಲ್ಲಿ ‘ನಾ’ ಎಂಬುದು ಒಂದಲ್ಲ, ನಕಾರ ಮತ್ತು ಆಕಾರದ ಚಿಹ್ನೆ ಸೇರಿ ಎರಡು ಸಂಕೇತ. ‘ಕನ್ನಡ’ ಎಂಬ ಮೂರಕ್ಷರದ ಮಾತು ಯಂತ್ರದ ಎಣಿಕೆಯಲ್ಲಿ ಐದು. ‘ಕ್ಷಿ’ ಒಂದೇ ನಾಲ್ಕು. ವ್ಯಂಜನಕ್ಕೆ ಸ್ವರಚಿಹ್ನೆಯನ್ನು ಅಂಟಿಸುವ ನಿಯಮ ಬರೆದ ಮೇಲೆ ರುದ್ರಟನ ಕುದುರೆ ಓಡಿತು. ಅವನ ಶ್ಲೋಕದಲ್ಲಿ ಇರುವುದು ಸ, ನ, ಲ ಎಂಬ ಮೂರೇ ವ್ಯಂಜನ, ಒತ್ತಕ್ಷರವಿಲ್ಲ. ಕನ್ನಡದ ಪದ್ಯವೊಂದನ್ನು ಕೊಟ್ಟೊಡನೆ ಮತ್ತೆ ಮುಗ್ಗರಿಸಿತು. ಒತ್ತಕ್ಷರವೆಂದರೇನು, ಅನುಸ್ವಾರ ಯಾವುದರ ಜೊತೆಗೆ ಹೋಗಬೇಕು, ‘ಧರ್ಮ’ದಲ್ಲಿ ಕಣ್ಣಿಗೆ ಕೊನೆಯಲ್ಲಿ ಕಾಣುವ ಅರ್ಕಾವೊತ್ತು ಯಂತ್ರದೊಳಗೆ ಮಕಾರಕ್ಕಿಂತ ಮೊದಲೇ ಏಕಿರುತ್ತದೆ: ಇವನ್ನೆಲ್ಲ ಅವಳು ಕೇಳಲೇಬೇಕಾಯಿತು. ಉಚ್ಚಾರದ ಕ್ರಮವೇ ಯಂತ್ರದ ಕ್ರಮವೆಂದು ಮಾಸ್ತರರು ಹೇಳಿದಾಗ ಅವಳಿಗೆ ದಾರಿ ಸಿಕ್ಕಿತು. ಛಂದಸ್ಸಿನ ತರಗತಿಯಲ್ಲಿ ಅಕ್ಷರವೆಂದರೇನೆಂದು ಇಷ್ಟು ಪಟ್ಟುಹಿಡಿದು ಕೇಳಿದ ವಿದ್ಯಾರ್ಥಿ ತಮಗೆ ಸಿಕ್ಕಿರಲಿಲ್ಲವೆಂದು ಅವರು ಆಮೇಲೆ ಗೆಳೆಯರಿಗೆ ಹೇಳಿದರಂತೆ.

ಲಿಪಿ ಕಲಿಯಲು ಅವಳಿಗೆ ಹೆಚ್ಚು ದಿನ ಹಿಡಿಯಲಿಲ್ಲ. ತೆಲುಗನ್ನೂ ಕನ್ನಡವನ್ನೂ ಒಂದೇ ಲಿಪಿಯಲ್ಲಿ ಬರೆದ ಶತಮಾನಗಳ ಲಾಭ ಕೊಂಡಾಪುರದ ಈ ಹುಡುಗಿಗೆ ದಕ್ಕಿತು. ತಲಕಟ್ಟನ್ನು ಮಾತ್ರ ಬಹಳ ಕಾಲ ತೆಲುಗಿನ ಹಾಗೆ ಮೇಲಕ್ಕೆ ಚಿಮ್ಮಿಸಿಯೇ ಬರೆಯುತ್ತಿದ್ದಳು. ಈ ನಡುವೆ ಫೂಬಾರಿನ ಮುಂದಿನ ಸಮಸ್ಯೆಯ ಗಡುವು ದಾಟಿಹೋಯಿತು. ಮೊಲಗಳು ಸೆರೆಯಲ್ಲಿಯೇ ಉಳಿದವು. ತಂದೆಗೆ ಇದು ಸಣ್ಣ ನಷ್ಟವೆನಿಸಲಿಲ್ಲ. ಆ ಆಟದ ಕೊನೆಯಲ್ಲಿ ಉದ್ಯೋಗದ ಸಂದರ್ಶನದ ಸಾಧ್ಯತೆಯಿತ್ತು. ಅವನ ಅಸಮಾಧಾನ ನ್ಯಾಯವಾದದ್ದೇ. ಮಾಸ್ತರರು ವಾದಕ್ಕೆ ಹೋಗಲಿಲ್ಲ.

ಮುಂದೆ ಅವಳು ಕನಕದಾಸರ ಮುಂಡಿಗೆಗಳನ್ನು ಓದಿಸಿಕೊಂಡಳು. ಅವುಗಳಿಗೆ ಉತ್ತರ ಸರಿಯೆಂದು ಪರೀಕ್ಷಿಸುವ ಬಗೆ ಯಾವುದೆಂದು ಅವಳ ಪ್ರಶ್ನೆ. ಒಂದೇ ಮುಂಡಿಗೆಗೆ ಟೀಕಾಕಾರರು ಬೇರೆ ಬೇರೆ ಅರ್ಥ ಹೇಳಿರುವುದನ್ನು ಮಾಸ್ತರರು ತೋರಿಸಿದರು. ಹಾಗಾದರೆ ಅದನ್ನು ಬಿಡಿಸಿದಂತಾಗಲಿಲ್ಲವೆಂದು ಅವಳು. ಬಿಡಿಸುತ್ತಲೇ ಇರುವುದಕ್ಕೆಂದೇ ಅದನ್ನು ಕಟ್ಟಿರುವುದೆಂದು ಅವರು. ರಜೆ ಮುಗಿದು ಮಾಸ್ತರರು ಊರಿನ ರೈಲು ಹತ್ತುವವರೆಗೂ ಆ ವಾದ ನಡೆದೇ ಇತ್ತು.