ಮೂರು ಕಡೆ ಬಿಂದಿಗೆ ಇಳಿಸುವಷ್ಟು ದೂರ

ಜಾತ್ರೆಗೆ ಇನ್ನೂ ಹತ್ತು ದಿನ ಇತ್ತು. ಮೈಸೂರಿನ ಗೆಳತಿ ಫೋನ್ ಮಾಡಿ, "ನಿಮ್ಮ ಸುತ್ತೂರಿಗೆ ಬರ್ತಿದೀವಿ, ಅತ್ತೆನೂ ಬರ್ತಾರೆ. ಹೊಳೆ ನೋಡೋಕೆ ತುಂಬಾ ನಡೀಬೇಕಾ?" ಎಂದು ಕೇಳಿದಳು. "ನಮ್ಮ ಮನೆಯಿಂದ ಐದು ನಿಮಿಷ ಕಣೆ. ಯಾರು ಬೇಕಾದ್ರೂ ನಡೀಬಹುದು" ಎಂದೆ.

ಜಗುಲಿ ಮೇಲೆ ಅವರೆಕಾಯಿ ಸುಲಿಯುತ್ತಿದ್ದ ಅವ್ವ ತಲೆ ಎತ್ತದೆಯೇ ಕೇಳಿದಳು: "ಐದು ನಿಮ್ಸ ಯಾರ್ಗೆ ಮಗ? ನಿಂಗಾ, ನಂಗಾ?"

ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಮಂಡಿ ನೋವು ಹೆಚ್ಚಾದ ಮೇಲೆ ಅವ್ವ ಹೊಳೆ ಕಡೆ ಹೋಗೇ ಇರಲಿಲ್ಲ. ಎಷ್ಟು ದಿನದಿಂದ ಎಂದು ಲೆಕ್ಕ ಹಾಕಿದರೆ ಎರಡು ವರ್ಷ ದಾಟಿತ್ತು. ಅದೇ ಎರಡು ವರ್ಷದಲ್ಲಿ ನಾನು ಆ ಹೊಳೆಯ ಫೋಟೊ ಎಷ್ಟು ತೆಗೆದು ಎಷ್ಟು ಜನಕ್ಕೆ ಕಳಿಸಿದ್ದೇನೋ! ಒಂದು ಸಲವೂ "ಬಾ ಅವ್ವ, ಹೋಗ್ಬರಾನ" ಎಂದಿರಲಿಲ್ಲ.

ಅವ್ವ ಈ ಊರಿಗೆ ಸೊಸೆಯಾಗಿ ಬಂದಾಗ ನಮ್ಮ ಬೀದಿಗೆ ನಲ್ಲಿ ಇರಲಿಲ್ಲ. ಕುಡಿಯಲು, ದನಕ್ಕೆ, ಬಟ್ಟೆಗೆ ಎಲ್ಲಕ್ಕೂ ಹೊಳೆ ನೀರೇ. ತಲೆ ಮೇಲೊಂದು, ಸೊಂಟದಲ್ಲೊಂದು ಬಿಂದಿಗೆ. ಅವಳ ಲೆಕ್ಕದಲ್ಲಿ ಹೊಳೆಗೂ ಮನೆಗೂ ಇರುವ ದೂರ ಮೀಟರಿನಲ್ಲೂ ಇಲ್ಲ, ನಿಮಿಷದಲ್ಲೂ ಇಲ್ಲ. "ಮೂರು ಕಡೆ ಬಿಂದ್ಗೆ ಇಳಿಸೋ ದೂರ" ಎನ್ನುತ್ತಾಳೆ. ಹೋಗುವಾಗ ಇಳಿಜಾರು, ಕೊಡ ಖಾಲಿ. ಬರುವಾಗ ಏರು, ಕೊಡ ತುಂಬಿರುತ್ತದೆ. ಸುಲಭದ ದಾರಿ ಎಂದು ನಾನು ಹೇಳಿದ್ದು ಹೋಗುವ ದಾರಿಯನ್ನು ಮಾತ್ರ.

ಮಾರನೇ ದಿನ ಸಂಜೆ ನಾಲ್ಕೂವರೆಗೆ ಅವ್ವನನ್ನು ಕರೆದುಕೊಂಡು ಹೊರಟೆ. ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈ ನನ್ನ ಹೆಗಲ ಮೇಲೆ. ತಲೆಗೆ ಎಣ್ಣೆ ಹಚ್ಚಿ ಬಾಚಿ, ನೆಂಟರ ಮನೆಗೆ ಹೊರಟವಳಂತೆ ಹಸಿರು ಸೀರೆ ಉಟ್ಟಿದ್ದಳು.

ನೀರು ಹೊತ್ತು ಬರುವಾಗ ಕೊನೆಯ ಇಳಿಸುವ ಜಾಗ ನಮ್ಮ ಬೀದಿ ತುದಿಯ ಹೊಂಗೆಮರ. ಹೋಗುವಾಗ ಅದೇ ಮೊದಲು ಸಿಗುತ್ತದೆ. ಮರ ಹಾಗೇ ಇದೆ. ಅವ್ವ ಬೊಡ್ಡೆಗೆ ಒರಗಿ ಸ್ವಲ್ಪ ಹೊತ್ತು ನಿಂತಳು. ಅಲ್ಲಿಂದ ಮುಂದೆ ಎರಡನೆಯ ಜಾಗ. ಸೊಂಟದೆತ್ತರದ ಹೊರೆಗಲ್ಲು. ಬಗ್ಗದೆ ಹೊರೆ ಇಳಿಸಿ, ಬಗ್ಗದೆ ಎತ್ತಿಕೊಳ್ಳಲೆಂದು ಹಿಂದಿನವರು ನೆಟ್ಟಿದ್ದ ಕಲ್ಲು. ಕಾಂಕ್ರೀಟ್ ರಸ್ತೆ ಆದಮೇಲೆ ಅದು ಇಲ್ಲ. ನಾನು ದಿನಾ ಗಾಡಿಯಲ್ಲಿ ಓಡಾಡುವ ರಸ್ತೆ. ಕಲ್ಲು ಹೋದದ್ದು ನನ್ನ ಗಮನಕ್ಕೇ ಬಂದಿರಲಿಲ್ಲ. ಅವ್ವ ಮಾತ್ರ ಸರಿಯಾಗಿ ಅದೇ ಜಾಗಕ್ಕೆ ಬಂದು ನಿಂತು, ಕೈ ಚಾಚಿ, ಹುಡುಕಿದಳು. "ಇಲ್ಲೇ ಇತ್ತಲ್ಲ ಮಗ?" ಎಂದಳು. ಕಾಲು ನಡುಗುತ್ತಿತ್ತು.

ಪಕ್ಕದ ಮನೆಯ ಚಿಕ್ಕಮ್ಮ ನೋಡಿ ಓಡಿಬಂದು ಜಗುಲಿ ಮೇಲೆ ಕೂರಿಸಿದರು. "ಅಕ್ಕ, ಇದೇನು ಈ ಕಡೆ ಬಂದ್ಬುಟ್ರಿ!" ಎಂದು ನೀರು ಕೊಟ್ಟರು. ಹೊಳೆಗೆ ಎಂದಾಗ ಸುಮ್ಮನಾದರು. "ನಾನೂ ಹೋಗಿ ವರ್ಷ ಆಯ್ತು ಕಣಕ್ಕ. ನಲ್ಲಿ ಬಂದ್ಮೇಲೆ ಏನ್ ಕೆಲ್ಸ ಅಂತ ಹೋಗದು?" ಎಂದರು. ಮನೆಯಿಂದ ಹೊಳೆ ಕೂಗಳತೆ. ಕೆಲಸ ಇಲ್ಲದೆ ಹೆಂಗಸು ಹೊಳೆಗೆ ಹೋಗಿ ಕೂತರೆ ನೋಡಿದವರು ಏನಂದಾರು ಎಂಬ ಯೋಚನೆ ಬೇರೆ. ಅವ್ವ, "ಬಾ, ಇವತ್ತು ಏನೂ ಕೆಲ್ಸ ಇಲ್ದೆ ಹೋಗಾನ" ಎಂದಳು. ಚಿಕ್ಕಮ್ಮ ಬಾಗಿಲು ಎಳೆದುಕೊಂಡು ಬಂದೇಬಿಟ್ಟರು.

ದಂಡೆ ಸೇರುವ ಹೊತ್ತಿಗೆ ಬಿಸಿಲು ಇಳಿದಿತ್ತು. ಜನವರಿಯಲ್ಲಿ ನಮ್ಮ ಕಪಿಲೆ ಮೆತ್ತಗೆ ಹರಿಯುತ್ತಾಳೆ. ಹೊತ್ತು ಮುಳುಗುವ ಕಡೆ ನಂಜನಗೂಡು, ಹುಟ್ಟುವ ಕಡೆ ತಿರುಮಕೂಡಲು ನರಸೀಪುರ. ಕೇರಳದ ವಯನಾಡಿನಲ್ಲಿ ಹುಟ್ಟಿ, ಎಚ್.ಡಿ. ಕೋಟೆ ಸೀಮೆಯ ಕಾಡು ದಾಟಿ, ಬೀಚನಹಳ್ಳಿ ಅಣೆಕಟ್ಟೆಯಲ್ಲಿ ನಿಂತು, ನಂಜುಂಡೇಶ್ವರನ ಪಾದ ತೊಳೆದು ನಮ್ಮೂರಿಗೆ ಬರುತ್ತಾಳೆ. ಇಲ್ಲಿಂದ ಹೋಗಿ ತಿರುಮಕೂಡಲಿನಲ್ಲಿ ಕಾವೇರಿ ಸೇರುತ್ತಾಳೆ. ಕಾಗದದಲ್ಲಿ ಕಬಿನಿ ಎಂದಿರುತ್ತದೆ. ನಮಗೆ ಕಪಿಲೆ, ಅವ್ವನಿಗೆ ಬರೀ ಹೊಳೆ. ಆ ಸಂಗಮದಲ್ಲಿ 1989ರಲ್ಲಿ ಕುಂಭಮೇಳ ಶುರುವಾದಾಗ ಅವ್ವ ಹೊಸ ಸೊಸೆ. "ಅತ್ತೆ ಕರ್ಕೊಂಡೋಗಿದ್ರು. ಎಲ್ರೂ ಪುಣ್ಯ ಬತ್ತದೆ ಅಂತ ಮುಳುಗ್ತಿದ್ರು. ನಾನು, ಇದು ದಿನಾ ನಾನು ಹೊರೋ ನೀರೇ ಅಲ್ವಾ ಅನ್ಕೊಂಡೆ" ಎಂದು ನಕ್ಕಳು.

ಆಮೇಲೆ ಇಬ್ಬರ ಮಾತೂ ಪ್ರವಾಹದ ಕಡೆ ತಿರುಗಿತು. ಕಟ್ಟೆಯಲ್ಲಿ ನೀರು 2284 ಅಡಿ ಮುಟ್ಟಿದರೆ ತುಂಬಿತೆಂದು ಲೆಕ್ಕ. ವಯನಾಡಿನಲ್ಲಿ ಮಳೆ ಜೋರಾದರೆ ಗೇಟು ಎತ್ತುತ್ತಾರೆ. ಇಲ್ಲಿ ಹನಿ ಮಳೆ ಇಲ್ಲದಿದ್ದರೂ ಹೊಳೆ ಉಕ್ಕುತ್ತದೆ. 2018ರಲ್ಲೂ 2019ರಲ್ಲೂ ನಂಜನಗೂಡಿನ ಹದಿನಾರು ಕಾಲು ಮಂಟಪ ಮುಳುಗಿದ್ದು ನಿಮಗೂ ನೆನಪಿರಬಹುದು. ಆಗ ಈ ದಂಡೆಗೂ ಯಾರೂ ಬರುವಂತಿರಲಿಲ್ಲ. "ಹೊಳೆ ಹತ್ರ ಯಾವತ್ತೂ ಸಲುಗೆ ಬೇಡ ಮಗ. ಮೊಣಕಾಲುದ್ದ ಅನ್ಕೊಂಡು ಇಳಿದ್ರೆ ಗುಂಡಿ ಇರ್ತದೆ" ಎಂದು ಅವ್ವ ಮಕ್ಕಳಿಗೆ ಹೇಳುವಂತೆ ನನಗೇ ಹೇಳಿದಳು. ಜಾತ್ರೆಗೆ ಬರುವವರೇ, ಈ ಮಾತು ನಿಮಗೂ ಸೇರಿದ್ದು. ತೆಪ್ಪೋತ್ಸವ ನೋಡಿ, ದಡದಲ್ಲಿ ಕೂರಿ, ಫೋಟೊ ತೆಗೆಯಿರಿ. ಗೊತ್ತಿಲ್ಲದ ಕಡೆ ನೀರಿಗೆ ಮಾತ್ರ ಇಳಿಯಬೇಡಿ. ಮಳೆಗಾಲದಲ್ಲಿ ಕಟ್ಟೆಯಿಂದ ಎಷ್ಟು ಕ್ಯೂಸೆಕ್ ಬಿಟ್ಟಿದ್ದಾರೆಂದು ತಿಳಿದೇ ಬನ್ನಿ.

ಬೆಳ್ಳಕ್ಕಿ ಸಾಲು ಗದ್ದೆ ಕಡೆಯಿಂದ ಬಂದು ನೀರಿನ ಮೇಲೆ ಹಾದುಹೋಯಿತು. ಅವ್ವ ಮಾತು ನಿಲ್ಲಿಸಿದಳು. ಫೋನ್ ತೆಗೆದಿದ್ದೆ, ಹಾಗೇ ಒಳಗಿಟ್ಟೆ. ಎಷ್ಟೋ ಹೊತ್ತಿನ ಮೇಲೆ ಅವ್ವ, "ಇಷ್ಟು ವರ್ಷ ಬಂದಿವ್ನಿ, ಒಂದಿನಾನೂ ಕೂತು ನೋಡಿರ್ನಿಲ್ಲ" ಎಂದಳು.

ವಾಪಸು ಏರು. ಹೊಂಗೆಮರದ ಹತ್ತಿರ ಬರುವಷ್ಟರಲ್ಲಿ ಅವ್ವನ ಮುಖ ಬೆವರಿತ್ತು. ಮನೆ ಸೇರಿದಾಗ ಗಡಿಯಾರ ನೋಡಿದೆ. ಹೋಗಲು ಇಪ್ಪತ್ತು ನಿಮಿಷ, ಬರಲು ಮೂವತ್ತೈದು. ರಾತ್ರಿ ಮಂಡಿಗೆ ಬಿಸಿನೀರಿನ ಶಾಖ ಕೊಡುತ್ತಾ, ಸುಮ್ಮನೆ ಕರೆದುಕೊಂಡು ಹೋಗಿ ತೊಂದರೆ ಕೊಟ್ಟೆನಾ ಎಂದು ಹೆದರಿದೆ. ಕೇಳಿದೆ. "ಕಾಲು ನೋಯ್ತದೆ. ಮನೇಲಿದ್ರೂ ನೋಯ್ತದೆ" ಎಂದಳು.

ಮೂರು ದಿನ ಬಿಟ್ಟು ಚಿಕ್ಕಮ್ಮನ ಮಗ ಬಂದು, ಹಳೆಯ ಹೊರೆಗಲ್ಲು ಚರಂಡಿ ಪಕ್ಕ ಬೇಲಿಯಲ್ಲಿ ಮಲಗಿದೆ ಎಂದ. ನಾಲ್ಕು ಹುಡುಗರು ಸೇರಿ ಹಾರೆ ಹಾಕಿ ಉರುಳಿಸಿ ತಂದರು. ಈಗ ಹೊರೆ ಇಳಿಸುವವರು ಯಾರಿದ್ದಾರೆ ಎಂದು ನಿಲ್ಲಿಸಲಿಲ್ಲ. ಚಿಕ್ಕಮ್ಮನ ಮನೆ ಮುಂದೆ, ರಸ್ತೆಗೆ ಅಡ್ಡ ಬಾರದಂತೆ, ಕೂರಲು ಆಗುವಂತೆ ಮಲಗಿಸಿದರು. ಅಷ್ಟಕ್ಕೆ ಆದ ಖರ್ಚು ನಾಲ್ಕು ಟೀ, ಒಂದು ಪೊಟ್ಟಣ ಬಿಸ್ಕತ್ತು.

ನಿಮ್ಮೂರಲ್ಲೂ ಹೊಳೆಗೋ ಕೆರೆಗೋ ಹೋಗುವ ಇಂಥ ದಾರಿ ಇರುತ್ತದೆ. ಮನೆಯ ಹಿರಿಯರನ್ನು ಒಂದು ಸಂಜೆ ಅವರ ಹೆಜ್ಜೆಯಲ್ಲೇ ನಡೆಸಿಕೊಂಡು ಹೋಗಿ. ಎಲ್ಲಿ ನಿಂತು ಸುಧಾರಿಸಿಕೊಳ್ಳುತ್ತಾರೋ ಅಲ್ಲೊಂದು ಕಲ್ಲು ಹಾಕಿ.

ಗೆಳತಿಗೆ ಮತ್ತೆ ಫೋನ್ ಮಾಡಿದೆ. "ನಿಂಗೆ ಐದು ನಿಮಿಷ, ನಿಮ್ಮತ್ತೆಗೆ ಅರ್ಧ ಗಂಟೆ. ಮಧ್ಯೆ ಕೂರೋಕೆ ಜಾಗ ಇದೆ" ಎಂದೆ. ಜಗುಲಿಯಿಂದ ಅವ್ವ ಕೂಗಿದಳು: "ಅವರತ್ತೆಗೆ ಹೇಳು, ಜೊತೇಲಿ ನಾನೂ ಬತ್ತೀನಿ ಅಂತ."