ಬಾದಾಮಿಯ ಬೆಳಕನ್ನು ಸೆರೆಹಿಡಿಯಲು

ಐಹೊಳೆ, ಪಟ್ಟದಕಲ್ಲುಗಳ ಜೊತೆಗೆ ಬಾದಾಮಿಯನ್ನೂ ಒಂದೇ ದಿನದಲ್ಲಿ ನೋಡಿ ಮುಗಿಸುವ ವಾಡಿಕೆ ನಮ್ಮ ಕುಟುಂಬಗಳಲ್ಲಿದೆ. ಪ್ರವಾಸದ ವಾಹನ ಅಲ್ಲಿಗೆ ತಲುಪುವುದು ಬಹುಮಟ್ಟಿಗೆ ನಡುಹಗಲಿನಲ್ಲಿ. ಸೂರ್ಯ ನೆತ್ತಿಯ ಮೇಲಿರುವಾಗ ಕೆಂಪು ಮರಳುಗಲ್ಲು ಬಿಳಚಿಕೊಳ್ಳುತ್ತದೆ. ಊರಿಗೆ ಮರಳಿ ಚಿತ್ರಗಳನ್ನು ನೋಡಿದರೆ ಕಣ್ಣು ಕಂಡ ಬಣ್ಣ ಅವುಗಳಲ್ಲಿ ಇರುವುದಿಲ್ಲ. ಅದಕ್ಕಾಗಿ ಕ್ಯಾಮೆರಾವನ್ನು ದೂರಿ ಫಲವಿಲ್ಲ. ಒಂದು ರಾತ್ರಿಯಾದರೂ ಬಾದಾಮಿಯಲ್ಲಿ ತಂಗಬೇಕೆಂಬುದೇ ನಮ್ಮ ಮೊದಲ ಸೂಚನೆ.

ಅಗಸ್ತ್ಯತೀರ್ಥದ ಪೂರ್ವದ ದಂಡೆಯಲ್ಲಿರುವ ಭೂತನಾಥ ದೇವಾಲಯವು ಪಶ್ಚಿಮಕ್ಕೆ, ಹೊಂಡದ ಕಡೆಗೆ ಮುಖಮಾಡಿದೆ. ಮುಂಜಾನೆ ಸೂರ್ಯನು ಅದರ ಬೆನ್ನ ಹಿಂದಿರುವುದರಿಂದ ಗುಡಿಯು ಬರಿಯ ಕಪ್ಪು ಆಕೃತಿಯಾಗಿ ತೋರುತ್ತದೆ. ಅದೂ ಒಂದು ಸೊಗಸೇ. ಆದರೆ ಕಲ್ಲಿನ ಕೆಂಪು ಬೇಕೆಂದರೆ ಇಳಿಹೊತ್ತಿನವರೆಗೆ ಕಾಯಬೇಕು. ಆಗ ಗುಡಿಯೂ ಅದರ ಹಿಂದಿನ ಬಂಡೆಗಳೂ ಕೆಂಡದಂತೆ ಬೆಳಗುತ್ತವೆ. ಗಾಳಿ ಅಡಗಿದ್ದರೆ ನೀರಿನಲ್ಲಿ ಇನ್ನೊಂದು ಗುಡಿ ಮೂಡುತ್ತದೆ. ಆ ಪ್ರತಿಬಿಂಬ ಬೇಕಾದವರು ಪೋಲರೈಸರ್ ಫಿಲ್ಟರನ್ನು ತೆಗೆದಿಡುವುದು ಒಳ್ಳೆಯದು. ಅದು ನೀರಿನ ಹೊಳಪನ್ನೇ ಅಳಿಸಿಬಿಡಬಲ್ಲುದು. ಕ್ಯಾಮೆರಾವನ್ನು ನೀರಿನ ಮಟ್ಟಕ್ಕೆ ಇಳಿಸಿ, ಹತ್ತಿರದ ಒಂದೆರಡು ಮೆಟ್ಟಿಲುಗಳನ್ನು ಚೌಕಟ್ಟಿನ ಕೆಳಗೆ ಸೇರಿಸಿಕೊಂಡರೆ ದೃಶ್ಯಕ್ಕೆ ಆಳ ಬರುತ್ತದೆ. ಅಪರ್ಚರ್ ಎಫ್ 11ರಷ್ಟಿದ್ದರೆ ಹತ್ತಿರದ ಕಲ್ಲೂ ದೂರದ ಗುಡಿಯೂ ಸ್ಪಷ್ಟವಾಗಿರುತ್ತವೆ.

ದಕ್ಷಿಣದ ಗುಡ್ಡದಲ್ಲಿ ಕೊರೆದ ಮೇಣಬಸದಿಗಳು ಉತ್ತರಕ್ಕೆ ಮುಖಮಾಡಿವೆ. ಕ್ರಿ.ಶ. 578ರ ಶಾಸನವುಳ್ಳ ಮೂರನೆಯ ಗುಹೆಯ ಕಂಬಗಳ ನಡುವಿನಿಂದ ಹೊರಗಿನ ನೋಟವನ್ನು ಹಿಡಿಯುವಾಗ ಒಳಗಿನ ಕತ್ತಲೆ ಕ್ಯಾಮೆರಾವನ್ನು ಮೋಸಗೊಳಿಸುತ್ತದೆ. ಮೊಬೈಲಿನಲ್ಲಾದರೆ ಹೊರಗಿನ ಬಿಸಿಲುಬಂಡೆಯ ಮೇಲೆ ಬೆರಳಿಟ್ಟು ಬೆಳಕನ್ನು ತುಸು ತಗ್ಗಿಸಿದರೆ ಸಾಕು. ಕಂಬಗಳು ಕಪ್ಪಾಗಿಯೇ ಉಳಿಯಲಿ. (ಕೈಚೀಲದಲ್ಲಿ ತಿಂಡಿ ಬೇಡ, ಅಲ್ಲಿನ ಕೋತಿಗಳು ಬಲು ಚುರುಕು.)

ಹೊಂಡದ ಮೆಟ್ಟಿಲುಗಳಲ್ಲಿ ಬಟ್ಟೆ ಒಗೆಯುವ ತಾಯಂದಿರು ಎದ್ದುಹೋಗಲೆಂದು ಕಾಯುವ ಛಾಯಾಗ್ರಾಹಕರನ್ನು ನಾವು ಕಂಡಿದ್ದೇವೆ. ನಮಗೆ ಇದು ಸಮ್ಮತವಲ್ಲ. ಮನುಷ್ಯಾಕೃತಿಯೊಂದು ಇದ್ದಾಗಲೇ ಆ ಬಂಡೆಗಳು ಎಷ್ಟು ದೊಡ್ಡವೆಂಬುದು ತಿಳಿಯುವುದು. ಮೇಲಾಗಿ ಆ ನೀರು ಅವರ ದಿನಬಳಕೆಯದು. ಆದರೆ ಹತ್ತಿರದಿಂದ ಮುಖ ಕಾಣುವಂತೆ ತೆಗೆಯುವಾಗ "ಅವ್ವಾರ, ಒಂದ್ ಫೋಟೋ ತಗೀಲೇನ್ರಿ?" ಎಂದು ಕೇಳಲೇಬೇಕು. ಬೇಡವೆಂದರೆ ಕ್ಯಾಮೆರಾ ಕೆಳಗಿಳಿಯಬೇಕು.

ಒಳ್ಳೆಯ ಮಳೆ ಬಿದ್ದಾಗ ಅಕ್ಕ-ತಂಗಿ ಜಲಪಾತವು ಬಂಡೆಯಿಂದ ಧುಮುಕುತ್ತದೆ. ಅರ್ಧ ಸೆಕೆಂಡಿನ ಶಟರಿನಲ್ಲಿ ನೀರು ಹಾಲಿನ ಎಳೆಯಂತೆ ಮೂಡುವುದು. ಸಂರಕ್ಷಿತ ಸ್ಮಾರಕಗಳ ಆವರಣದಲ್ಲಿ ಟ್ರೈಪಾಡ್ ಬಳಸಲು ಪುರಾತತ್ತ್ವ ಇಲಾಖೆಯ ಅನುಮತಿ ಬೇಕಾದ್ದರಿಂದ, ಮಡಿಸಿದ ಟವೆಲ್ಲನ್ನು ಗಟ್ಟಿಯಾದ ಕಲ್ಲಿನ ಮೇಲಿಟ್ಟು ಅದರ ಮೇಲೆ ಕ್ಯಾಮೆರಾವನ್ನು ನಿಲ್ಲಿಸಬಹುದು.